ಅಂಗಾತ ಮಲಗಿದ ಟೋಪಿ

ಮಾರ್ಚ್ 3, ಸೋಮವಾರ

ಹನ್ನೊಂದು ದಿನದ ಮೇಲೆ ಅಂಗಡಿಯ ಬಾಗಿಲಿನ ಗಂಟೆ ಸದ್ದು ಮಾಡಿತು. ನಾನೂ ಅಕ್ಕನೂ ಒಟ್ಟಿಗೇ ಎದ್ದು ನಿಂತೆವು. ಬಂದವನಿಗೆ ಬೇಕಾಗಿದ್ದದ್ದು ಟೋಪಿಯಲ್ಲ, ಬಸ್ ನಿಲ್ದಾಣದ ದಾರಿ. ಹೇಳಿ ಕಳಿಸಿದೆ. ಅವನು ಹೋದ ಮೇಲೆ ಅಕ್ಕ, "ಐವತ್ತೇಳೂವರೆ. ಒಳ್ಳೇ ತಲೆ, ಸುಮ್ನೆ ಬಿಸಿಲಲ್ಲಿ ಹೋಗ್ತಿದೆ" ಅಂದಳು. ಅಳತೆಪಟ್ಟಿ ಮುಟ್ಟದೆ ತಲೆಯ ಸುತ್ತಳತೆ ಹೇಳುವುದರಲ್ಲಿ ಅವಳದು ಎತ್ತಿದ ಕೈ. ಅರ್ಧ ಸೆಂಟಿಮೀಟರ್ ಕೂಡ ತಪ್ಪುವುದಿಲ್ಲ.

ಅಂಗಡಿ ಅಪ್ಪನ ಕಾಲದ್ದು. ಉಣ್ಣೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಮರದ ಅಚ್ಚಿನ ಮೇಲೆ ಎಳೆದು ಟೋಪಿಗೆ ಆಕಾರ ಕೊಡುವುದು ನನ್ನ ಕೆಲಸ. ಒಳಗಿನದೆಲ್ಲ ಅಕ್ಕನದು. ಅವಳು ಟೋಪಿಯನ್ನು ಮಡಿಲಲ್ಲಿ ಕೂಸಿನ ಹಾಗೆ ಅಂಗಾತ ಮಲಗಿಸಿಕೊಂಡು, ಹಣೆಗೆ ತಾಗುವ ಒಳಪಟ್ಟಿಯನ್ನು ಸುತ್ತಲೂ ಹೊಲಿಯುತ್ತಾಳೆ. ಆ ಪಟ್ಟಿ ಇದ್ದರೆ ಟೋಪಿ ತಲೆಯ ಮೇಲೆ ನಿಲ್ಲುತ್ತದೆ, ಇಲ್ಲದಿದ್ದರೆ ಮೂಗಿನವರೆಗೆ ಇಳಿಯುತ್ತದೆ. ಜನ ಹೊಗಳುವುದು ನನ್ನ ಕೆಲಸವನ್ನು, ಟೋಪಿ ನಿಲ್ಲುವುದು ಅಕ್ಕನ ಕೆಲಸದಿಂದ. ಇಬ್ಬರಿಗೂ ಗೊತ್ತಿರುವ ಸಂಗತಿ, ಆದ್ದರಿಂದ ಆ ಮಾತು ಎತ್ತುವುದಿಲ್ಲ.

ಅವಳ ಕುರ್ಚಿಯ ಒಂದು ಕಾಲು ಗಿಡ್ಡ. ಸರಿಮಾಡಿಕೊಡು ಅಂತ ಕೇಳಲು ಶುರುಮಾಡಿ ಎರಡು ವರ್ಷವಾಯಿತು. ನಾಳೆ ಮಾಡಬೇಕು.

ಮಾರ್ಚ್ 5, ಬುಧವಾರ

ಇವತ್ತು ನಿಜವಾದ ಗಿರಾಕಿ! ಸರ್ಕಾರದ ಶಿಷ್ಟಾಚಾರ ಕಚೇರಿಯ ದೊಡ್ಡ ಅಧಿಕಾರಿ. ಒಂದೊಂದು ಮಾತಿಗೂ ಮುಂಚೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅವರು ಮೆಟ್ಟಿಲು ಇಳಿಯುವ ಮುಂಚೆಯೇ ಅಕ್ಕ ಅವರಿಗೆ ಕೆಮ್ಮುಸಾಹೇಬರು ಅಂತ ಹೆಸರಿಟ್ಟಳು.

ಏಪ್ರಿಲ್ 26ರ ಧ್ವಜದಿನಕ್ಕೆ ಮಂತ್ರಿಗಳು ರಾಷ್ಟ್ರಧ್ವಜದಿಂದ ಸ್ಫೂರ್ತಿ ಪಡೆದ ಒಂದು ಡಿಸೈನರ್ ಟೋಪಿ ಹಾಕಿಕೊಳ್ಳುತ್ತಾರಂತೆ.

"ಡಿಸೈನರ್ ಯಾರು ಸಾರ್?" ಅಂತ ಕೇಳಿದೆ.

"ನೀವೇ," ಅಂದರು.

ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಅಕ್ಕ ಇದ್ದಳು. ಅವಳೂ ಹಿಂದೆ ತಿರುಗಿ ನೋಡಿದಳು. ಅವಳ ಹಿಂದೆ ಗೋಡೆ.

ನಮ್ಮ ಧ್ವಜದಲ್ಲಿ ಮೇಲೆ ನೇರಳೆ, ನಡುವೆ ಬಿಳಿ, ಕೆಳಗೆ ಸಾಸಿವೆ ಬಣ್ಣ, ಬಿಳಿಯ ನಡುವೆ ಹಾರುವ ಹಕ್ಕಿ. ನೇರಳೆಯನ್ನು ನೆತ್ತಿಗೆ, ಬಿಳಿಯನ್ನು ಸುತ್ತಲಿನ ಭಾಗಕ್ಕೆ, ಸಾಸಿವೆಯನ್ನು ಅಂಚಿಗೆ ತಂದರೆ ಮುಗಿಯಿತು. ಮಂತ್ರಿಗಳ ತಲೆಯ ಅಳತೆ ಕೇಳಿದೆ. ಅವರ ತಲೆ ಮುಟ್ಟುವಂತಿಲ್ಲವಂತೆ, ಕಚೇರಿಯೇ ಅಳತೆ ನಿಗದಿಮಾಡಿದೆಯಂತೆ: ಅರವತ್ತೊಂದು. ಅಕ್ಕ ಟಿ.ವಿ.ಯಲ್ಲಿ ಅವರನ್ನು ನೋಡಿದ್ದಾಳೆ. "ಐವತ್ತಾರರ ಮೇಲೆ ಒಂದು ಕೂದಲೂ ಇಲ್ಲ. ಇರ್ಲಿ ಬಿಡು, ಒಳಪಟ್ಟಿ ದಪ್ಪಗೆ ಹೊಲಿದು ಸರಿಮಾಡ್ತೀನಿ. ದೊಡ್ಡೋರ ಟೋಪಿಲಿ ಜಾಗ ಜಾಸ್ತಿನೇ ಇರುತ್ತೆ," ಅಂದಳು.

ಮಾರ್ಚ್ 12, ಬುಧವಾರ

ಟೋಪಿ ಅಚ್ಚಿನ ಮೇಲೆ ಒಣಗುತ್ತಿದೆ. ಚೆನ್ನಾಗಿ ಬಂದಿದೆ, ನಾನೇ ಹೇಳಿಕೊಳ್ಳಬಾರದು.

ಮಧ್ಯಾಹ್ನ ಕೆಮ್ಮುಸಾಹೇಬರು ಮುಖ ಬಾಡಿಸಿಕೊಂಡು ಬಂದರು. ರಾಷ್ಟ್ರಗೀತೆ ಹಾಡುವಾಗ ಎಲ್ಲರೂ ಟೋಪಿ ತೆಗೆಯುವುದು ಪದ್ಧತಿ. ಆದರೆ ರಾಷ್ಟ್ರಗೀತೆಯ ಹೊತ್ತಿಗೆ ಧ್ವಜವನ್ನು ಇಳಿಸುವುದು ಅಪರಾಧ. ಈ ಟೋಪಿ ಟೋಪಿಯೋ, ಧ್ವಜವೋ? ತೆಗೆದರೆ ಧ್ವಜಕ್ಕೆ ಅವಮಾನ, ತೆಗೆಯದಿದ್ದರೆ ಗೀತೆಗೆ ಅವಮಾನ. ಕಚೇರಿಯಲ್ಲಿ ಮೂರು ದಿನದಿಂದ ಯಾರಿಗೂ ಊಟ ಸೇರುತ್ತಿಲ್ಲವಂತೆ. ಇದಕ್ಕೆಂದೇ 'ಟೋಪಿ ಗೌರವ ಸಮಿತಿ' ಆಗಿದೆ. ನಾನೂ ಒಬ್ಬ ಸದಸ್ಯ.

ಅವರು ಹೋದ ಮೇಲೆ ಅಕ್ಕ ಟೀ ಮಾಡುವ ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು, ಕೆಮ್ಮಿ, "ಇದು ಪಾತ್ರೆಯೋ, ಧ್ವಜವೋ?" ಅಂದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮಾರ್ಚ್ 19, ಬುಧವಾರ

ಮೊದಲ ಸಭೆ. ಉದ್ದನೆಯ ಮೇಜು, ಒಬ್ಬೊಬ್ಬರ ಮುಂದೆಯೂ ನೀರಿನ ಬಾಟಲಿ, ನನ್ನ ಮುಂದೆಯೂ. ಎಲ್ಲರೂ ನೀರು ಕುಡಿದು ಬಾಟಲಿ ಖಾಲಿ ಮಾಡಿದರು. ಕೊನೆಗೆ ನಾನೇ, "ಟೋಪಿ ತೆಗೆಯೋದೇ ಬೇಡ ಅಂತ ಬರೆದ್ರಾಯ್ತಲ್ಲ," ಅಂದೆ. ತಕ್ಷಣ ಚಪ್ಪಾಳೆ. ನನ್ನ ಮಾತಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಒಬ್ಬರು ಕಣ್ಣೊರೆಸಿಕೊಂಡರು.

ಒಂದು ಸಲ ಶುರುವಾದರೆ ನಿಯಮ ಬರೆಯುವುದೇನೂ ಕಷ್ಟವಲ್ಲ. ಏಳು ಬರೆದೆ. ನಿಯಮ 4: ಟೋಪಿಯನ್ನು ಯಾವ ಕಾರಣಕ್ಕೂ ತಲೆಕೆಳಗು ಮಾಡತಕ್ಕದ್ದಲ್ಲ. ನಿಯಮ 5: ಟೋಪಿಯನ್ನು ಸೊಂಟಕ್ಕಿಂತ ಕೆಳಗೆ ಇಳಿಸತಕ್ಕದ್ದಲ್ಲ. 'ತಕ್ಕದ್ದಲ್ಲ' ಅಂತ ಬರೆಯುವಾಗ ಕೈಗೆ ಏನೋ ಒಂದು ಸುಖ.

ಮನೆಗೆ ಬಂದು ಅಕ್ಕನಿಗೆ ಓದಿ ಹೇಳಿದೆ. ಪಾತ್ರೆ ತಲೆಗಿಟ್ಟುಕೊಂಡವಳು ಇವತ್ತು ನಗಲಿಲ್ಲ.

"ತಲೆಕೆಳಗು ಮಾಡಬಾರ್ದು, ಸೊಂಟದಿಂದ ಕೆಳಗೆ ಇಡಬಾರ್ದು. ಮತ್ತೆ ನಾನು ಒಳಪಟ್ಟಿ ಹೊಲಿಯೋದು ಎಲ್ಲಿಟ್ಟುಕೊಂಡು? ನಿನ್ ತಲೆ ಮೇಲಾ?"

ಮೂವತ್ತೈದು ವರ್ಷ ಅವಳ ಮಡಿಲನ್ನು ದಿನಾ ನೋಡಿದ್ದೇನೆ. ಬರೆಯುವಾಗ ನೆನಪಿಗೇ ಬರಲಿಲ್ಲ! ನಾಳೆ ಸಭೆಯಲ್ಲಿ ಹೇಳಿ ಎರಡನ್ನೂ ತೆಗೆಸಬೇಕು.

ಮಾರ್ಚ್ 20, ಗುರುವಾರ

ಹೇಳಬೇಕೆಂದು ಎದ್ದು ನಿಂತೆ. ಅಷ್ಟರಲ್ಲಿ ಕೆಮ್ಮುಸಾಹೇಬರು ನಿಯಮ 4 ಈ ಇಡೀ ದಾಖಲೆಯ ಜೀವಾಳ ಅಂದರು. ನಿಂತದ್ದು ನಿಂತಿದ್ದೆನಲ್ಲ, ಏನಾದರೂ ಹೇಳಲೇಬೇಕಿತ್ತು. ನಿಯಮ 8 ಹೇಳಿ ಕೂತೆ.

ಮಾರ್ಚ್ 28, ಶುಕ್ರವಾರ

ದಾರಿ ಹುಡುಕಿದ್ದೇನೆ. ಛಾವಣಿಯ ಕೊಕ್ಕೆಗೆ ತಂತಿ ಕಟ್ಟಿ ಟೋಪಿಯನ್ನು ನೆಟ್ಟಗೆ, ಎತ್ತರದಲ್ಲಿ ತೂಗುಹಾಕಿದೆ. ಅಕ್ಕ ಅದರ ಕೆಳಗೆ ನಿಂತು, ಕತ್ತೆತ್ತಿ, ಎರಡೂ ಕೈ ಮೇಲೆತ್ತಿ ಹೊಲಿಯಬೇಕು. ನಿಯಮ 4 ಉಳಿಯಿತು, 5 ಉಳಿಯಿತು.

ಬೆಳಿಗ್ಗೆಯಿಂದ ಸಂಜೆಯವರೆಗೆ ನಾಲ್ಕು ಬೆರಳಿನಷ್ಟು ಪಟ್ಟಿ ಆಗಿದೆ. ಸೂಜಿ ಎರಡು ಸಲ ಕೈಜಾರಿ ಅವಳ ಕೆನ್ನೆಗೆ ಚುಚ್ಚಿತು.

"ಭುಜ ಬಿದ್ದುಹೋಗ್ತಿದೆ ಕಣೋ."

"ದೇಶಕ್ಕೋಸ್ಕರ ಅಂದ್ಕೋ ಅಕ್ಕಾ."

"ದೇಶಕ್ಕೆ ಒಂದು ಸ್ಟೂಲ್ ತರಕ್ಕೂ ಗತಿ ಇಲ್ವಾ?"

ಇಂಥ ಮಾತನ್ನು ಹೊರಗಿನವರು ಕೇಳಿಸಿಕೊಂಡರೆ ಏನು ಗತಿ ಅಂತ ನನಗೆ ಆತಂಕವಾಯಿತು. ಬಾಗಿಲು ಹಾಕಿ ಬಂದೆ.

ಏಪ್ರಿಲ್ 9, ಬುಧವಾರ

ಆಗಬಾರದ್ದು ಆಯಿತು. ಕೆಮ್ಮುಸಾಹೇಬರನ್ನು ಕೆಲಸ ತೋರಿಸಲು ಕರೆತಂದೆ. ಕೊಕ್ಕೆಯಲ್ಲಿ ಟೋಪಿ ಇಲ್ಲ. ಅಂಗಡಿಯ ಹಿಂಭಾಗದ ಪರದೆ ಸರಿಸಿದರೆ ಅಕ್ಕ ತನ್ನ ಕುಂಟು ಕುರ್ಚಿಯಲ್ಲಿ ಕೂತು, ಮಂತ್ರಿಗಳ ಟೋಪಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು ಹೊಲಿಯುತ್ತಿದ್ದಾಳೆ. ಗುನುಗಿಕೊಂಡು ಬೇರೆ!

ಕೆಮ್ಮುಸಾಹೇಬರಿಗೆ ಕೆಮ್ಮು ಕೂಡ ಬರಲಿಲ್ಲ. ನನ್ನ ಮುಖ ನೋಡಿದರು. ನಾನು ಏನಾದರೂ ಮಾಡಲೇಬೇಕಿತ್ತು. ಟೋಪಿಯನ್ನು ಅವಳ ಕೈಯಿಂದ ಕಸಿದುಕೊಂಡೆ. ದಾರ ಕಿತ್ತುಬಂತು.

"ಇವರಿಗೆ ತಿಳಿವಳಿಕೆ ಕಡಿಮೆ ಸಾರ್," ಅಂದೆ.

ಅಕ್ಕ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. ಕತ್ತರಿ, ಬೆರಳಿಗೆ ಹಾಕುವ ಕವಚ, ತುಂಡುಬಟ್ಟೆಗಳ ಚೀಲ, ಎಲ್ಲ ತೆಗೆದುಕೊಂಡಳು. "ಇವರಿಗೆ ಅಂದ್ಯಲ್ಲ, ಸಾಕು," ಅಂದು ಮೆಟ್ಟಿಲಿಳಿದು ಹೋದಳು. ಸಂಜೆ ಹೆರಿಗೆ ಆಸ್ಪತ್ರೆಯ ನರ್ಸ್ ಬಂದು ಅವಳ ಬಟ್ಟೆ ತೆಗೆದುಕೊಂಡು ಹೋದರು. ಇಬ್ಬರೂ ಚಿಕ್ಕಂದಿನ ಗೆಳತಿಯರು. ಅವರ ಮನೆಯಲ್ಲಿರುತ್ತಾಳಂತೆ.

ಎರಡು ದಿನದಲ್ಲಿ ಸಿಟ್ಟು ಇಳಿಯುತ್ತದೆ.

ಏಪ್ರಿಲ್ 11, ಶುಕ್ರವಾರ

ಇಳಿದಿಲ್ಲ. ಸಕ್ಕರೆ ಎಲ್ಲಿಡುತ್ತಾಳೋ ಗೊತ್ತಾಗುತ್ತಿಲ್ಲ. ಸಪ್ಪೆ ಟೀ ಕುಡಿದೆ.

ಏಪ್ರಿಲ್ 24, ಗುರುವಾರ

ಒಳಪಟ್ಟಿಯನ್ನು ನೆಟ್ಟಗೆ ನಿಂತ ಟೋಪಿಗೆ ಕೆಳಗಿನಿಂದ ಹೊಲಿಯಲು ನನ್ನಿಂದ ಆಗಲಿಲ್ಲ. ಮಡಚಿದ ಕಾಗದಕ್ಕೆ ಗೋಂದು ಹಚ್ಚಿ ಒಳಗೆ ಅಂಟಿಸಿದ್ದೇನೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಹೊರಗಿನಿಂದ ಕಾಣುವುದಷ್ಟೇ ತಾನೇ ಧ್ವಜ.

ಏಪ್ರಿಲ್ 26, ಶನಿವಾರ

ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಮೈದಾನ ತುಂಬ ಜನ, ಸುಡುವ ಬಿಸಿಲು. ಮಂತ್ರಿಗಳು ವೇದಿಕೆ ಹತ್ತಿದಾಗ ಟೋಪಿ ನಿಜಕ್ಕೂ ಕಣ್ಣು ಕುಕ್ಕುತ್ತಿತ್ತು. ರಾಷ್ಟ್ರಗೀತೆಯ ಮೊದಲ ಚರಣಕ್ಕೆ ಮಂತ್ರಿಗಳ ಹಣೆ ಬೆವೆತಿತು. ಎರಡನೆಯದಕ್ಕೆ ಗೋಂದು ಕರಗಿತು. ಟೋಪಿ ನಿಧಾನವಾಗಿ ಇಳಿಯಲು ಶುರುವಾಯಿತು: ಹಣೆ ಹೋಯಿತು, ಹುಬ್ಬು ಹೋಯಿತು, ಕಣ್ಣು ಹೋಯಿತು, ಮೂಗಿನ ಮೇಲೆ ನಿಂತಿತು. ಗೀತೆಯ ಹೊತ್ತಿಗೆ ಟೋಪಿಯನ್ನು ಮುಟ್ಟತಕ್ಕದ್ದಲ್ಲ ಅಂತ ನಿಯಮ 8. ಮಂತ್ರಿಗಳು ಮುಟ್ಟಲಿಲ್ಲ. ಮೂರನೆಯ ಚರಣವನ್ನು ಟೋಪಿಯೊಳಗಿನಿಂದಲೇ ಹಾಡಿದರು.

ಅಷ್ಟರಲ್ಲಿ ಕೆಮ್ಮುಸಾಹೇಬರು ತಮ್ಮ ಟೋಪಿಯನ್ನು ಸರಕ್ಕನೆ ಮೂಗಿನವರೆಗೆ ಎಳೆದುಕೊಂಡರು. ಪಕ್ಕದವರು ಎಳೆದುಕೊಂಡರು. ಹಿಂದಿನ ಸಾಲು, ಅದರ ಹಿಂದಿನ ಸಾಲು. ಟೋಪಿ ಇಲ್ಲದವರು ಕರವಸ್ತ್ರ ಕಟ್ಟಿಕೊಂಡರು. ಸಂಜೆಯ ಟಿ.ವಿ.ಯಲ್ಲಿ, ಮಂತ್ರಿಗಳು ಭಾವಪರವಶರಾಗಿ ಧ್ವಜದೊಳಗೆ ತಮ್ಮನ್ನು ಮರೆಸಿಕೊಂಡರು ಅಂದರು. ಬರಿಗಣ್ಣಿನಲ್ಲಿ ನಿಂತವರ ಪಟ್ಟಿ ತಯಾರಾಗುತ್ತಿದೆಯಂತೆ.

ಮೇ 6, ಮಂಗಳವಾರ

ನಿಯಮ 42 ಜಾರಿಗೆ ಬಂದಿದೆ, ಬರೆದದ್ದು ನಾನೇ: ಕರ್ತವ್ಯದ ಹೊತ್ತಿನಲ್ಲಿ ಟೋಪಿ ಕಣ್ಣುಗಳನ್ನು ಪೂರ್ತಿ ಮುಚ್ಚಿರತಕ್ಕದ್ದು. ನನ್ನನ್ನು ಸಮಿತಿಯ ಪ್ರಧಾನ ಕಾರ್ಯದರ್ಶಿ ಮಾಡಿದ್ದಾರೆ. ಅಂಗಡಿಯ ಮುಂದೆ ದಿನಾ ಸಾಲು. ಈಗ ಅಳತೆಯ ಗೊಡವೆಯೇ ಇಲ್ಲ, ಎಲ್ಲರಿಗೂ ಅರವತ್ತೊಂದು. ಒಳಪಟ್ಟಿಯೂ ಬೇಡ. ಅಕ್ಕ ಇದ್ದಿದ್ದರೂ ಮಾಡಲು ಕೆಲಸ ಇರುತ್ತಿರಲಿಲ್ಲ. ಹೀಗೆ ಯೋಚಿಸಿದಾಗ ಸಮಾಧಾನವಾಯಿತು, ಯಾಕೋ ತಿಳಿಯದು.

ರಸ್ತೆಯಲ್ಲಿ ಜನ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಕಚೇರಿಗೆ ಹೋಗುವುದು ನೋಡಲು ಚೆಂದ. ಇಂಥ ಒಗ್ಗಟ್ಟು ನಮ್ಮಲ್ಲಿ ಹಿಂದೆ ಎಲ್ಲಿತ್ತು? ಮುಂದಿನವನು ಚರಂಡಿಗೆ ಬಿದ್ದರೆ ಸಾಲು ಪೂರ್ತಿ ಬೀಳುತ್ತದೆ ಅನ್ನುವುದು ಸಣ್ಣ ವಿಷಯ.

ಮೇ 20, ಮಂಗಳವಾರ

ಪ್ರಧಾನ ಕಾರ್ಯದರ್ಶಿಗಳು ಇಂದು ನಿಯಮ 67ರಿಂದ 80ರವರೆಗೆ ಬರೆದರು.

ದಾರಿಯಲ್ಲಿ ನರ್ಸ್ ಸಿಕ್ಕರು. ಅಕ್ಕ ಹುಟ್ಟಿದ ಕೂಸುಗಳಿಗೆ ಟೋಪಿ ಹೊಲಿಯುತ್ತಿದ್ದಾಳಂತೆ. "ಮೂವತ್ಮೂರು, ಮೂವತ್ನಾಲ್ಕು ಅಂತ ಹೇಳ್ಕೊಂಡು ವಾರ್ಡೆಲ್ಲಾ ಓಡಾಡ್ತಾಳೆ. ಒಂದ್ಸಲ ಬಂದು ನೋಡಬಾರ್ದಾ? ನಿಮ್ಮನ್ನ ಕೇಳ್ತಾನೇ ಇರ್ತಾಳೆ," ಅಂದರು.

ಅನುಮತಿ ಪಡೆದು ಹೊಲಿಯುತ್ತಿದ್ದಾಳೆಯೇ ಅಂತ ವಿಚಾರಿಸಿದೆ. ನರ್ಸ್ ಬೆನ್ನು ತಿರುಗಿಸಿ ಹೋದರು. ಜನರಲ್ಲಿ ಸೌಜನ್ಯ ಕಡಿಮೆಯಾಗಿದೆ.

ಜೂನ್ 3, ಮಂಗಳವಾರ

ಅರವತ್ತು ಕಾಗದಗಳಿಗೆ ಸಹಿ. ಸಹಿ ಕರ್ತವ್ಯವಾದ್ದರಿಂದ ಟೋಪಿ ಕಣ್ಣಿನ ಮೇಲೆ. ಕೆಮ್ಮುಸಾಹೇಬರು ನನ್ನ ಬೆರಳು ಹಿಡಿದು "ಇಲ್ಲಿ" ಅನ್ನುತ್ತಾರೆ, ನಾನು ಗೀಚುತ್ತೇನೆ. ಒಂದು ಗಂಟೆಯೊಳಗೆ ಮುಗಿಯಿತು. ಓದುತ್ತಾ ಕೂತಿದ್ದರೆ ನಾಲ್ಕು ದಿನ ಹಿಡಿಯುತ್ತಿತ್ತು.

ಜೂನ್ 12, ಗುರುವಾರ

ನರ್ಸ್ ಅಂಗಡಿಗೆ ಬಂದು ಒಂದು ಕಾಗದವನ್ನು ನನ್ನ ಎದೆಗೆ ಒತ್ತಿ ನಿಂತರು. "ಓದಿ," ಅಂದರು. "ಟೋಪಿ ತೆಗೆದು ಓದಿ."

ಸಮಿತಿಯ ಆದೇಶ. ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆ ನೇರಳೆ, ಬಿಳಿ, ಸಾಸಿವೆ ಬಣ್ಣದ ತುಂಡುಬಟ್ಟೆಗಳಿಂದ ಶಿಶುಗಳಿಗೆ ಟೋಪಿ ಹೊಲಿಯುತ್ತಿದ್ದು, ಹೊಲಿಯುವಾಗ ಅವುಗಳನ್ನು ಮಡಿಲಲ್ಲಿ ತಲೆಕೆಳಗು ಇಡುತ್ತಿರುವುದು ಕಂಡುಬಂದಿದೆ. ಈ ಮಹಿಳೆ ಇನ್ನು ಮುಂದೆ ಸೂಜಿ ಮುಟ್ಟತಕ್ಕದ್ದಲ್ಲ. ಕೆಳಗೆ ಸಹಿ, ಪ್ರಧಾನ ಕಾರ್ಯದರ್ಶಿ.

ಸಹಿ ಸ್ವಲ್ಪ ಸೊಟ್ಟಗಿತ್ತು. ಆದರೆ ನನ್ನದೇ.

ಜೂನ್ 13, ಶುಕ್ರವಾರ

ಬೆಳಿಗ್ಗೆಯೇ ಆಸ್ಪತ್ರೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ: ಅದು ವಾಡಿಕೆಯ ಸಹಿ, ವೈಯಕ್ತಿಕವಲ್ಲ, ಮೇಲ್ಮನವಿಗೆ ಅವಕಾಶವಿದೆ. ಟೋಪಿ ಕಣ್ಣ ಮೇಲಿದ್ದದ್ದರಿಂದ ಎರಡು ಕಂಬಗಳಿಗೆ ಇದನ್ನೇ ವಿವರಿಸಿದೆ.

ವಾರ್ಡಿನ ಬಾಗಿಲಲ್ಲಿ ಟೋಪಿ ಸ್ವಲ್ಪ ಎತ್ತಿ ನೋಡಿದೆ. ಸಾಲು ತೊಟ್ಟಿಲುಗಳು. ಕೂಸುಗಳ ತಲೆಗೆ ನರ್ಸ್ ಬ್ಯಾಂಡೇಜು ಬಟ್ಟೆ ಸುತ್ತಿದ್ದರು, ಯುದ್ಧದಲ್ಲಿ ಗಾಯಗೊಂಡು ಬಂದವರ ಹಾಗೆ. ಕಿಟಕಿಯ ಹತ್ತಿರ ಬೆಂಚಿನ ಮೇಲೆ ಅಕ್ಕ ಸುಮ್ಮನೆ ಕೂತಿದ್ದಳು. ಅವಳ ಮಡಿಲು ಖಾಲಿ ಇದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅಮ್ಮ ಹೋದ ಮೇಲೆ ಅಲ್ಲಿ ಮೊದಲು ಮಲಗಿದವನು ನಾನು, ಆಮೇಲೆ ಟೋಪಿಗಳು.

"ನೀನೇ ಸಹಿ ಹಾಕಿದ್ದಾ?"

"ಹೂಂ."

"ಓದಿ ಹಾಕ್ದ್ಯಾ?"

"ಇಲ್ಲ ಅಕ್ಕಾ. ಟೋಪಿ ಹಾಕ್ಕೊಂಡಿದ್ದೆ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅಳು ಬಂತು. ಟೋಪಿ ಕೆಳಗೆಳೆದುಕೊಂಡು ಅದರೊಳಗೇ ಅತ್ತೆ. ನಿಯಮ 42ರಿಂದ ನನಗಾದ ಒಂದೇ ಉಪಕಾರ ಅದು.

"ಕೊಡಿಲ್ಲಿ," ಅಂತ ಅವಳೇ ಟೋಪಿ ಎಳೆದುಕೊಂಡಳು. ನನ್ನ ಮೂಗಿನ ಮೇಲೆ ಅಂಚು ಒತ್ತಿ ಒತ್ತಿ ಗೆರೆ ಬಿದ್ದಿತ್ತು. ಹೆಬ್ಬೆರಳಿನಿಂದ ಅದನ್ನು ಒಮ್ಮೆ ಉಜ್ಜಿದಳು. "ಐವತ್ತೆಂಟು. ನಿನ್ನ ತಲೆ ಹದಿನೆಂಟನೇ ವಯಸ್ಸಿಂದ ಒಂದು ನೂಲೂ ಬೆಳೆದಿಲ್ಲ. ಹೋಗು, ಬಾಗಿಲಲ್ಲಿ ನಿಂತ್ಕೋ. ಯಾರಾದ್ರೂ ಬಂದ್ರೆ ಕೆಮ್ಮು."

ಟೋಪಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು, ಬ್ಯಾಂಡೇಜು ಬಟ್ಟೆ ಮಡಚಿ ಒಳಪಟ್ಟಿ ಹೊಲಿಯತೊಡಗಿದಳು. ನಾನು ಬಾಗಿಲಲ್ಲಿ ನಿಂತು ನನ್ನದೇ ಸಮಿತಿಯ ತಪಾಸಣೆಯವರು ಬಂದಾರೆಂದು ಕಾವಲು ಕಾದೆ. ಎರಡು ಸಲ ಕೆಮ್ಮಿದೆ. ಎರಡು ಸಲವೂ ಬಂದದ್ದು ಹಾಲು ಕೊಡಲು ಬಂದ ತಾಯಂದಿರು.

ಟೋಪಿ ಹಣೆಯ ಮೇಲೆ ನಿಂತಿತು. ಒಂದೂವರೆ ತಿಂಗಳ ಮೇಲೆ ಟೋಪಿ ಹಾಕಿಕೊಂಡೇ ಎದುರಿನದನ್ನೆಲ್ಲ ನೋಡಿದೆ. ಅಕ್ಕ ಇಳಿದುಹೋಗಿದ್ದಾಳೆ. ಬಲಗೈ ಎತ್ತಿ ಕೂದಲು ಸರಿಮಾಡಿಕೊಳ್ಳಲು ಹೋದವಳು ಭುಜದ ನೋವಿಗೆ ಅರ್ಧದಲ್ಲೇ ಇಳಿಸಿದಳು. ಅದು ನಾನು ತೂಗುಹಾಕಿದ ಕೊಕ್ಕೆಯ ನೋವು.

"ಅಂಗಡಿಗೆ ಬಾ ಅಕ್ಕಾ."

"ಮಡಿಲಲ್ಲಿಟ್ಕೊಂಡೇ ಹೊಲಿಯೋದು ನಾನು."

"ನಿಯಮ ನಾಲ್ಕರ ಪ್ರಕಾರ..." ಅಂತ ಬಾಯಿ ತಾನಾಗಿಯೇ ಶುರುಮಾಡಿತು. ಅವಳು ನೋಡಿದಳು. "ಮಡಿಲಲ್ಲೇ ಹೊಲಿ," ಅಂದೆ.

"ಅವ್ರ ಮುಂದೆನೂ ಹೀಗೇ ಹೇಳ್ತೀಯಾ?"

ಹೂಂ ಅಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ.

"ನಾಳೆ ಹತ್ತಕ್ಕೆ ಬರ್ತೀನಿ. ಕುರ್ಚಿ ಕಾಲು ಸರಿಮಾಡಿದ್ಯಾ?"

"ಮಾಡ್ದೆ," ಅಂತ ಸುಳ್ಳು ಹೇಳಿದೆ.

ಹೊರಡುವಾಗ ನಾಲ್ಕು ಕಿತ್ತಳೆ ಕೊಟ್ಟಳು. ಚೀಲ ಇರಲಿಲ್ಲ. ಟೋಪಿ ತೆಗೆದು ಅದರಲ್ಲೇ ಹಾಕಿಕೊಂಡು ಮನೆಗೆ ಬಂದೆ.

ಜೂನ್ 14, ಶನಿವಾರ

ಏಳು ಗಂಟೆಯಿಂದ ಕುರ್ಚಿಯ ಜೊತೆ ಒದ್ದಾಡಿದೆ. ಮರದ ತುಂಡು ಇಟ್ಟರೆ ಎತ್ತರವಾಗುತ್ತದೆ, ರಟ್ಟು ಇಟ್ಟರೆ ಕುಸಿಯುತ್ತದೆ. ಕೊನೆಗೆ ಮೇಜಿನ ಮೇಲಿದ್ದ ನಿಯಮಾವಳಿ ತೆಗೆದು ಗಿಡ್ಡ ಕಾಲಿನ ಕೆಳಗೆ ಇಟ್ಟೆ, ನೂರ ಹನ್ನೆರಡು ನಿಯಮಗಳು, ಗಟ್ಟಿ ಹೊದಿಕೆ. ಅಳತೆಮಾಡಿ ಬರೆದ ಹಾಗೆ ಕೂತಿತು. ನಾನೇ ಕುಳಿತು, ಎಡಕ್ಕೂ ಬಲಕ್ಕೂ ವಾಲಿ ನೋಡಿದೆ. ಅಲುಗಾಡಲಿಲ್ಲ.

ತೊಳೆದುಕೊಡಿ ಅಂತ ಕಚೇರಿಯವರು ಕಳಿಸಿದ ಮಂತ್ರಿಗಳ ಟೋಪಿ ಅಂಗಡಿಗೆ ಬಂದಿದೆ. ಅದನ್ನು ಕುರ್ಚಿಯ ಮೇಲೆ ಅಂಗಾತ ಮಲಗಿಸಿ, ಪಕ್ಕದಲ್ಲಿ ಸೂಜಿಗೆ ದಾರ ಪೋಣಿಸಿಟ್ಟಿದ್ದೇನೆ. ಹನ್ನೊಂದಕ್ಕೆ ಕೆಮ್ಮುಸಾಹೇಬರು ಅಂಗಡಿಗೆ ಬಂದು ಮಾಡುವ ವಾರದ ತಪಾಸಣೆ. ಆ ವೇಳೆ ಗೊತ್ತುಮಾಡಿದವನೂ ನಾನೇ. ಮುಂದೂಡಿ ಅಂತ ಫೋನ್ ಮಾಡಲು ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ. ಪರದೆ ಬಿಚ್ಚಿ ಮಡಚಿ ಕಪಾಟಿನಲ್ಲಿ ಹಾಕಿದೆ.

ಹತ್ತಕ್ಕೆ ಐದು ನಿಮಿಷ. ಟೀಗೆ ನೀರಿಟ್ಟಿದ್ದೇನೆ. ಸಕ್ಕರೆ ಎಲ್ಲಿದೆ ಅಂತ ಅವಳು ಬಂದಮೇಲೆ ಕೇಳಬೇಕು.